ಗ್ರೇಸ್ ಹಾಪರ್: ಹುಡುಕೋ ಕೆಲಸವನ್ನ ಯಂತ್ರಕ್ಕೆ ಒಪ್ಪಿಸಿದವರು

ಪೈಥಾನ್ ಪ್ರೋಗ್ರಾಂನಿಂದ ಸಿ ಭಾಷೆಯ ಲೈಬ್ರರಿಯೊಂದನ್ನು ಕರೆಯೋಕೆ ಹೋದವರಿಗೆಲ್ಲ ಒಂದು ಸಾಲು ಚೆನ್ನಾಗಿ ಪರಿಚಯ. ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್, ನೋ ಸಚ್ ಫೈಲ್ ಆರ್ ಡೈರೆಕ್ಟರಿ. ಫೈಲು ಅದೇ ಫೋಲ್ಡರಿನಲ್ಲಿ ಕಣ್ಣೆದುರಿಗೇ ಕೂತಿರುತ್ತೆ, ಯಂತ್ರ ಮಾತ್ರ ಇಲ್ಲವೇ ಇಲ್ಲ ಅಂತ ಸಾಧಿಸುತ್ತೆ. ಡೆಮೋ ಹಿಂದಿನ ರಾತ್ರಿ ಇದು ಬಂದರಂತೂ ಹಾಸ್ಟೆಲಿನ ಆ ರೂಮಿನಲ್ಲಿ ಯಾರಿಗೂ ನಿದ್ದೆ ಇಲ್ಲ.

ಈ ಸಾಲನ್ನು ಬೈಯೋದು ಸುಲಭ. ಆದರೆ ಯಾರೋ ಬರೆದಿಟ್ಟ ಕೋಡನ್ನು, ಹೆಸರು ಹೇಳಿದ ಮಾತ್ರಕ್ಕೆ, ಹುಡುಕಿ ತಂದು ನಮ್ಮ ಕೋಡಿಗೆ ಜೋಡಿಸೋದು ಯಂತ್ರದ ಕರ್ತವ್ಯ ಅಂತ ನಾವು ಯಾವಾಗಿಂದ ಅಂದುಕೊಂಡೆವು? 1940ರ ದಶಕದಲ್ಲಿ ಆ ಕೆಲಸ ಬಹುಪಾಲು ಮನುಷ್ಯರದ್ದೇ. ಪೆನ್ಸಿಲು ಹಿಡಿದು, ನೋಟ್‌ಬುಕ್ಕು ಮುಂದಿಟ್ಟುಕೊಂಡು ಮಾಡುತ್ತಿದ್ದರು. ಅದನ್ನು ಯಂತ್ರದ ತಲೆಗೆ ಕಟ್ಟಿದವರಲ್ಲಿ ಮುಂಚೂಣಿಯಲ್ಲಿದ್ದವರು ಗ್ರೇಸ್ ಹಾಪರ್. ನಮ್ಮ ಪಠ್ಯಗಳಲ್ಲಿ ಅವರ ಹೆಸರು ಕೋಬಾಲ್ ಜೊತೆ ಒಂದು ಸಾಲು, ಪತಂಗದ ಕತೆಯ ಜೊತೆ ಇನ್ನೊಂದು ಸಾಲು ಬಂದು ಮುಗಿದುಹೋಗುತ್ತೆ. ಅವರ ಬದುಕನ್ನು ಸ್ವಲ್ಪ ನಿಧಾನವಾಗಿ ಓದಿದರೆ ನಮ್ಮ ಲೋಡರ್ ಯಾಕೆ ಹಾಗೆ ಆಡುತ್ತೆ ಅನ್ನೋದೂ ಅರ್ಥವಾಗುತ್ತೆ. ಈ ಬರಹ ಅದಕ್ಕಾಗಿ.

ಗ್ರೇಸ್ ಬ್ರೂಸ್ಟರ್ ಮರ್ರೆ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗೋಕೆ ಇನ್ನೂ 5 ವರ್ಷ ಇತ್ತು. ಏಳು ವರ್ಷದ ಹುಡುಗಿ ಅಲಾರಂ ಗಡಿಯಾರ ಹೇಗೆ ನಡೆಯುತ್ತೆ ಅಂತ ನೋಡೋಕೆ ಒಂದನ್ನು ಬಿಚ್ಚಿದಳು. ಮತ್ತೆ ಜೋಡಿಸೋಕೆ ಬರಲಿಲ್ಲ. ಜೋಡಿಸೋದು ತಿಳಿಯೋಕೆ ಇನ್ನೊಂದು ಬಿಚ್ಚಿದಳು. ಹೀಗೆ ಮನೆಯಲ್ಲಿದ್ದ ಏಳೂ ಗಡಿಯಾರ ಮುಗಿದವು. ಅಮ್ಮ ಹೊಡೆಯಲಿಲ್ಲ, ಇನ್ನುಮುಂದೆ ಒಂದೇ ಗಡಿಯಾರ ನಿನ್ನದು ಅಂತ ಮಿತಿ ಹಾಕಿದರು. ಆಗಿನ ಕಾಲಕ್ಕೆ ಇದು ದೊಡ್ಡ ಮಾತೇ.

ವಾಸರ್ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿ 1928ರಲ್ಲಿ ಪದವಿ, ಯೇಲ್ ವಿಶ್ವವಿದ್ಯಾಲಯದಲ್ಲಿ 1930ರಲ್ಲಿ ಎಂ.ಎ., 1934ರಲ್ಲಿ ಗಣಿತದ ಪಿಎಚ್‌ಡಿ. 1930ರಲ್ಲೇ ವಿನ್ಸೆಂಟ್ ಹಾಪರ್ ಅವರನ್ನು ಮದುವೆಯಾದರು. ಆ ಮದುವೆ 1945ರಲ್ಲಿ ಮುರಿಯಿತು, ಹೆಸರು ಮಾತ್ರ ಉಳಿಯಿತು. 1931ರಿಂದ ವಾಸರ್‌ನಲ್ಲೇ ಪಾಠ. ಗಣಿತದ ಕ್ಲಾಸಿನಲ್ಲಿ ಪ್ರಬಂಧ ಬರೆಸಿ, ಭಾಷೆ ಸರಿಯಿಲ್ಲದಿದ್ದರೆ ಅಂಕ ಕಳೆಯುತ್ತಿದ್ದರಂತೆ. ಹುಡುಗಿಯರು ಗೊಣಗಿದರೂ ಬಿಡಲಿಲ್ಲ. ಲೆಕ್ಕ ಗೊತ್ತಿದ್ದು ಅದನ್ನು ಇನ್ನೊಬ್ಬರಿಗೆ ಹೇಳೋಕೆ ಬರದಿದ್ದರೆ ಪ್ರಯೋಜನವಿಲ್ಲ ಅನ್ನೋದು ಅವರ ನಿಲುವು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾಯಿತು. ಗ್ರೇಸ್ ಅವರ ಮುತ್ತಜ್ಜ ನೌಕಾಪಡೆಯಲ್ಲಿ ಅಡ್ಮಿರಲ್ ಆಗಿದ್ದವರು. ಇವರಿಗೂ ಅಲ್ಲಿಗೇ ಹೋಗಬೇಕೆಂಬ ಹಟ. ನೌಕಾಪಡೆ ಬೇಡ ಅಂದಿತು. ವಯಸ್ಸು ಜಾಸ್ತಿ, ತೂಕ ಕಡಿಮೆ, ಸಾಲದ್ದಕ್ಕೆ ಗಣಿತದ ಅಧ್ಯಾಪಕಿಯ ಕೆಲಸವೇ ದೇಶಕ್ಕೆ ಹೆಚ್ಚು ಅಗತ್ಯ ಅನ್ನೋ ನೆಪ. ತೂಕಕ್ಕೆ ವಿಶೇಷ ವಿನಾಯಿತಿ ತೆಗೆದುಕೊಂಡು 1943ರ ಡಿಸೆಂಬರಿನಲ್ಲಿ ಮೀಸಲು ಪಡೆ ಸೇರಿಯೇಬಿಟ್ಟರು. ತರಬೇತಿಯಲ್ಲಿ ಮೊದಲ ಸ್ಥಾನ. 1944ರಲ್ಲಿ ಹಡಗಿಗೆ ಕಳಿಸುವ ಬದಲು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಅಲ್ಲಿ ಹೊವಾರ್ಡ್ ಏಕನ್ ಅವರ ಕೈಕೆಳಗೆ ಮಾರ್ಕ್ 1 ಅನ್ನೋ ಯಂತ್ರ ಇತ್ತು. 51 ಅಡಿ ಉದ್ದ, 8 ಅಡಿ ಎತ್ತರ, ಚಕ್ರ, ಶಾಫ್ಟು, ರಿಲೇಗಳ ಗದ್ದಲ. ಅದರಲ್ಲಿ ಆರ್ಕ್‌ಟ್ಯಾಂಜೆಂಟ್ ಲೆಕ್ಕಕ್ಕೆ ಬೇಕಾದ ಗುಣಾಂಕಗಳನ್ನು 23 ಅಂಕೆಗಳವರೆಗೆ ಕಂಡುಹಿಡಿಯೋದು ಅವರಿಗೆ ಸಿಕ್ಕ ಮೊದಲ ಕೆಲಸ. ಕಂಪ್ಯೂಟರ್ ಅನ್ನೋದನ್ನು ಅದೇ ಮೊದಲು ಕಂಡವರಿಗೆ! ಯಂತ್ರ ಕಲಿತು, ಅದರ 500ಕ್ಕೂ ಹೆಚ್ಚು ಪುಟಗಳ ಕೈಪಿಡಿಯನ್ನೂ ಅವರೇ ಮುಂದೆ ನಿಂತು ಬರೆದರು. 1946ರಲ್ಲಿ ಅದು ಅಚ್ಚಾಯಿತು.

ನಮ್ಮ ವಿಷಯ ಶುರುವಾಗೋದು ಇಲ್ಲಿಂದ. ಮಾರ್ಕ್ 1ರ ಸೂಚನೆಗಳನ್ನು ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ಕೊಡಬೇಕಿತ್ತು. ಸೈನ್ ಲೆಕ್ಕ, ವರ್ಗಮೂಲ, ಇಂಥವು ಮತ್ತೆ ಮತ್ತೆ ಬೇಕಾಗುತ್ತಿದ್ದವು. ಸರಿಯಾಗಿ ಓಡಿದ ತುಣುಕುಗಳನ್ನು ಗ್ರೇಸ್ ಮತ್ತು ಜೊತೆಗಾರರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಒಬ್ಬರಿಗೆ ಬೇಕಾದರೆ ಇನ್ನೊಬ್ಬರ ಪುಸ್ತಕ ಕೇಳಿ ಪಡೆದು ನಕಲು ಮಾಡೋದು. ನಮ್ಮ ಲ್ಯಾಬ್ ರೆಕಾರ್ಡಿನ ಥರವೇ. ಆ ನೋಟ್‌ಬುಕ್ಕುಗಳೇ ಅವರ ಲೈಬ್ರರಿ, ಪಕ್ಕದ ಮೇಜಿನವರೇ ಲೋಡರ್.

ಮುಂದೆ, ಮೆಮೊರಿಯಲ್ಲೇ ಪ್ರೋಗ್ರಾಂ ಇಟ್ಟುಕೊಳ್ಳುವ ಯಂತ್ರಗಳು ಬಂದ ಮೇಲೆ, ಈ ನಕಲು ಇನ್ನೂ ಕಷ್ಟದ್ದಾಯಿತು. ಬರೆದಿಟ್ಟ ತುಣುಕು ಸೊನ್ನೆ ವಿಳಾಸದಿಂದ ಶುರುವಾಗುವಂತೆ ಇರುತ್ತೆ. ನಿಮ್ಮ ಪ್ರೋಗ್ರಾಂನಲ್ಲಿ ಅದು 340ನೇ ಜಾಗದಲ್ಲಿ ಕೂರಬೇಕು ಅಂದರೆ ಒಳಗಿರುವ ಪ್ರತಿ ವಿಳಾಸಕ್ಕೂ 340 ಕೂಡಿಸಬೇಕು. ಒಂದು ಕಡೆ ತಪ್ಪಿದರೂ ಇಡೀ ಲೆಕ್ಕ ಹಾಳು. ಪ್ರೋಗ್ರಾಂ ಬರೆಯುವವರಿಗೆ ಕೂಡಿಸೋಕೂ ಬರಲ್ಲ, ನಕಲು ಮಾಡೋಕೂ ಬರಲ್ಲ ಅಂತ ಗ್ರೇಸ್ ಆಮೇಲೆ ತಮಾಷೆ ಮಾಡುತ್ತಿದ್ದರು. ಕೈಬರಹದ ಬಿ ಅಕ್ಷರ 13 ಆಗಿ ಓದಿಸಿಕೊಂಡರೆ ಸಾಕು, ವಾರದ ಕೆಲಸ ನೀರುಪಾಲು. ಕೂಡಿಸೋದು, ನಕಲು ಮಾಡೋದು, ಎರಡರಲ್ಲೂ ಪಳಗಿದ ಯಂತ್ರ ಪಕ್ಕದಲ್ಲೇ ನಿಂತಿರುವಾಗ ಮನುಷ್ಯರು ಯಾಕೆ ಒದ್ದಾಡಬೇಕು? ಕೇಳಿದರೆ ಸಾಧಾರಣ ಪ್ರಶ್ನೆ. ಆದರೆ ಆಗ ಕೇಳಿದವರು ಕಡಿಮೆ.

ಪತಂಗದ ಕತೆಯನ್ನು ಇಲ್ಲೇ ಮುಗಿಸಿಬಿಡೋಣ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್ 2 ಯಂತ್ರದ ರಿಲೇ ಒಳಗೆ ಒಂದು ಪತಂಗ ಸಿಕ್ಕಿಕೊಂಡಿದ್ದು ನಿಜ. ಅದನ್ನು ಲಾಗ್ ಪುಸ್ತಕಕ್ಕೆ ಟೇಪು ಹಾಕಿ ಅಂಟಿಸಿದ್ದೂ ನಿಜ, ಆ ಪುಟ ಈಗ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಆದರೆ ಅದನ್ನು ಹಿಡಿದವರು ಗ್ರೇಸ್ ಅಲ್ಲ, ಬಗ್ ಅನ್ನೋ ಪದ ಹುಟ್ಟಿದ್ದೂ ಅಲ್ಲಿ ಅಲ್ಲ. ಎಡಿಸನ್ ಕಾಲದಿಂದಲೇ ಎಂಜಿನಿಯರುಗಳ ಬಾಯಲ್ಲಿ ಆ ಪದ ಇತ್ತು. ಗ್ರೇಸ್ ಆ ಕತೆಯನ್ನು ಚೆನ್ನಾಗಿ ಹೇಳುತ್ತಿದ್ದರು, ಹಾಗಾಗಿ ಕತೆ ಅವರದ್ದಾಯಿತು. ಅವರ ಅಸಲಿ ಕೆಲಸದ ಮುಂದೆ ಪತಂಗ ಏನೂ ಅಲ್ಲ, ಆದರೂ ಕ್ವಿಜ್‌ಗಳಲ್ಲಿ ಕೇಳೋದು ಅದನ್ನೇ!

ಯುದ್ಧದ ನಂತರದ ವರ್ಷಗಳು ಅವರಿಗೆ ಕೆಟ್ಟವು. ಸಂಸಾರ ಮುರಿದಿತ್ತು, ಹಾರ್ವರ್ಡಿನಲ್ಲಿ ಕಾಯಂ ಜಾಗ ಸಿಗಲಿಲ್ಲ, ಕುಡಿತ ಹೆಚ್ಚಾಯಿತು. ಗೆಳೆಯರು ಕಟುವಾಗಿ ಎಚ್ಚರಿಸಬೇಕಾಯಿತು. ಜೀವನಚರಿತ್ರೆಕಾರರು ಇದನ್ನು ಮುಚ್ಚಿಟ್ಟಿಲ್ಲ, ನಾವೂ ಮುಚ್ಚಿಡಬೇಕಿಲ್ಲ. 1949ರಲ್ಲಿ ಫಿಲಡೆಲ್ಫಿಯಾದ ಎಕರ್ಟ್-ಮಾಕ್ಲಿ ಕಂಪನಿ ಸೇರಿದರು. ಅಲ್ಲಿ ತಯಾರಾಗುತ್ತಿದ್ದದ್ದು ಯೂನಿವ್ಯಾಕ್. ಮರುವರ್ಷ ಆ ಕಂಪನಿಯನ್ನು ರೆಮಿಂಗ್ಟನ್ ರಾಂಡ್ ಕೊಂಡುಕೊಂಡಿತು.

ಯೂನಿವ್ಯಾಕ್‌ನ ಮೆಮೊರಿ 1000 ಪದಗಳು, ಪದಕ್ಕೆ 12 ಅಕ್ಷರ. ಪಾದರಸ ತುಂಬಿದ ಕೊಳವೆಗಳಲ್ಲಿ ಶಬ್ದದ ಅಲೆಯಾಗಿ ಅವು ಸುತ್ತುತ್ತಿದ್ದವು. ಇವತ್ತಿನ ಒಂದು ಸಣ್ಣ ಲೋಗೋ ಚಿತ್ರಕ್ಕೂ ಅಷ್ಟು ಜಾಗ ಸಾಲದು. 1951ರ ಅಕ್ಟೋಬರಿನಲ್ಲಿ ಗ್ರೇಸ್ ಅದರ ಮೇಲೆ ಎ-0 ಬರೆಯೋಕೆ ಕೂತು 1952ರ ಮೇ ಹೊತ್ತಿಗೆ ಮುಗಿಸಿದರು. ತುಣುಕುಗಳೆಲ್ಲ ಒಂದು ಮ್ಯಾಗ್ನೆಟಿಕ್ ಟೇಪಿನಲ್ಲಿ. ಗ್ರಂಥಾಲಯದ ಪುಸ್ತಕಕ್ಕೆ ಇರೋ ಹಾಗೆ ಪ್ರತಿಯೊಂದಕ್ಕೂ ಒಂದು ಕರೆ ಸಂಖ್ಯೆ. ನೀವು ಬರೆಯಬೇಕಾದ್ದು ಯಾವ ಸಂಖ್ಯೆಯದು ಬೇಕು, ಅದಕ್ಕೆ ಯಾವ ಮೌಲ್ಯಗಳು, ಉತ್ತರ ಎಲ್ಲಿಡಬೇಕು, ಇಷ್ಟೇ. ಟೇಪಿನಲ್ಲಿ ಹುಡುಕೋದು, ತರೋದು, ವಿಳಾಸ ಕೂಡಿಸೋದು, ಸಾಲಾಗಿ ಕೂರಿಸೋದು ಎ-0 ಕೆಲಸ. ಅವರು ಅದನ್ನು ಕಂಪೈಲರ್ ಅಂತ ಕರೆದರು. ಇಂದಿನ ಲೆಕ್ಕದಲ್ಲಿ ಅದು ಲಿಂಕರ್, ಲೋಡರ್‌ಗೆ ಹತ್ತಿರ. ನನ್ನ ಪ್ರಕಾರ ಇದರಿಂದ ಅವರ ಹಿರಿಮೆ ಕಮ್ಮಿಯಾಗಲ್ಲ, ನಮಗಂತೂ ಇದೇ ಹೆಚ್ಚು ಬೇಕಾದ್ದು. ಅದೇ ಹೊತ್ತಿಗೆ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ವಿಲ್ಕ್ಸ್, ವೀಲರ್, ಗಿಲ್ ಮೂವರೂ ಎಡ್ಸ್ಯಾಕ್ ಯಂತ್ರಕ್ಕೆ ಕಾಗದದ ಪಟ್ಟಿಗಳ ಲೈಬ್ರರಿ ಕಟ್ಟಿ, 1951ರಲ್ಲಿ ಅದರ ಮೇಲೆ ಪುಸ್ತಕವನ್ನೇ ತಂದಿದ್ದರು ಅನ್ನೋದನ್ನೂ ಹೇಳಬೇಕು. ಗ್ರೇಸ್ ಒಬ್ಬರೇ ಹೊಳೆ ಹಾಯ್ದವರಲ್ಲ.

ಎ-0 ಬರೆಯುವಾಗ ಒಂದು ತೊಡಕು ಬಂತು. ಟೇಪು ಒಂದೇ ದಿಕ್ಕಿನಲ್ಲಿ ಒಂದೇ ಸಲ ಓಡಬೇಕು, ಮೆಮೊರಿ ಅಷ್ಟು ಕಿರಿದು. ಪ್ರೋಗ್ರಾಂ ಹಿಂದಕ್ಕೆ ಜಿಗಿಯಬೇಕಾದರೆ ತೊಂದರೆಯಿಲ್ಲ, ಆ ವಿಳಾಸ ಆಗಲೇ ಗೊತ್ತಿರುತ್ತೆ. ಮುಂದಕ್ಕೆ ಜಿಗಿಯಬೇಕಾದರೆ? ಹೋಗಬೇಕಾದ ತುಣುಕು ಎಲ್ಲಿ ಕೂರುತ್ತೆ ಅನ್ನೋದೇ ಇನ್ನೂ ಗೊತ್ತಿಲ್ಲ. ಗ್ರೇಸ್ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡಿದವರು. ಆಗಿನ ಹೆಂಗಸರ ಆಟದ ನಿಯಮದಲ್ಲಿ ಚೆಂಡು ಹಿಡಿದು ಮುಂದೆ ಓಡೋ ಹಾಗಿರಲಿಲ್ಲ. ಜೊತೆಯವಳಿಗೆ ಎಸೆದು, ತಾನು ಮುಂದೆ ಓಡಿ, ವಾಪಸು ಇಸಿದುಕೊಳ್ಳಬೇಕು. ಅದನ್ನೇ ಇಲ್ಲಿ ಹೂಡಿದರು. ಮೆಮೊರಿಯ ತುದಿಯಲ್ಲಿ ಒಂದು ಮೂಲೆ ಖಾಲಿ ಬಿಟ್ಟರು. ಮುಂದಕ್ಕೆ ಜಿಗಿಯಬೇಕಾದ ಸೂಚನೆ ಸದ್ಯಕ್ಕೆ ಆ ಮೂಲೆಗೆ ಜಿಗಿಯುತ್ತೆ. ಆಮೇಲೆ ಆ ತುಣುಕು ಬಂದು ಕೂತಾಗ, ಮೂಲೆಯಿಂದ ಅದರ ಜಾಗಕ್ಕೆ ಇನ್ನೊಂದು ಜಿಗಿತ ಬರೆದುಬಿಡೋದು. ಚೆಂಡು ತಲುಪಿತು.

ಸಿಸ್ಟಮ್ ಸಾಫ್ಟ್‌ವೇರ್ ಓದಿದವರು ಇಲ್ಲಿ ಕಿವಿ ನಿಮಿರಿಸಿರಬೇಕು. ಇವತ್ತಿನ ಲಿನಕ್ಸ್‌ನಲ್ಲಿ ನಿಮ್ಮ ಪ್ರೋಗ್ರಾಂ ಪ್ರಿಂಟ್‌ಎಫ್ ಕರೆದಾಗ ಅದು ನೇರ ಹೋಗಲ್ಲ. ಪಿಎಲ್‌ಟಿ ಅನ್ನೋ ಒಂದು ಮೂಲೆಗೆ ಜಿಗಿದು, ಜಿಒಟಿ ಅನ್ನೋ ಪಟ್ಟಿಯಲ್ಲಿ ಲೋಡರ್ ತುಂಬಿಟ್ಟ ವಿಳಾಸ ನೋಡಿಕೊಂಡು, ಅಲ್ಲಿಂದ ಸಿ ಲೈಬ್ರರಿಗೆ ಜಿಗಿಯುತ್ತೆ. ಇವೆರಡರ ನಡುವೆ ನೇರ ವಂಶಾವಳಿ ಇದೆ ಅಂತ ನಾನು ಹೇಳುತ್ತಿಲ್ಲ. ಗೊತ್ತಿಲ್ಲದ ವಿಳಾಸಕ್ಕೆ ಒಂದು ಗೊತ್ತಿರೋ ಮೂಲೆ ಇಟ್ಟುಕೊಳ್ಳೋ ಯುಕ್ತಿ ಮಾತ್ರ ಒಂದೇ.

ಯಂತ್ರಕ್ಕೆ ಲೆಕ್ಕ ಮಾಡೋಕೆ ಬರುತ್ತೆ, ಪ್ರೋಗ್ರಾಂ ಬರೆಯೋಕೆ ಬರಲ್ಲ ಅಂತ ಬಹಳ ಜನ ಎ-0 ಮುಟ್ಟಲೂ ಇಲ್ಲ. ಗ್ರೇಸ್ ಮಾತಾಡುತ್ತಲೇ ಹೋದರು, ಬರೆಯುತ್ತಲೇ ಹೋದರು. 1953ರಲ್ಲಿ ಎ-2 ಬಂತು. ಅದನ್ನು ಮೂಲ ಕೋಡಿನ ಸಮೇತ ಗ್ರಾಹಕರಿಗೆ ಕೊಟ್ಟು, ತಿದ್ದಿದ್ದನ್ನು ವಾಪಸು ಕಳಿಸಿ ಅಂದರು. ಓಪನ್ ಸೋರ್ಸ್ ಅನ್ನೋ ಪದ ಹುಟ್ಟೋಕೆ ಇನ್ನೂ ನಾಲ್ಕು ದಶಕ ಇತ್ತು.

ಎ-0 ತಂದ ತುಣುಕಿನ ನಕಲು ಪ್ರತಿ ಪ್ರೋಗ್ರಾಂ ಒಳಗೂ ಸೇರುತ್ತಿತ್ತು. ಇದಕ್ಕೆ ಈಗ ಸ್ಟ್ಯಾಟಿಕ್ ಲಿಂಕಿಂಗ್ ಅನ್ನುತ್ತೇವೆ. ನಮ್ಮ ಕಡೆಯ ಮಾತಿನಲ್ಲಿ ಹೇಳೋದಾದರೆ ಹೊಲಕ್ಕೊಂದು ಬೋರ್‌ವೆಲ್. ನಾಗಮಂಗಲದ ಮೇಲ್ಗಡೆ ಹೊಲಗಳಲ್ಲಿ ಇರುವಂತೆ, ಖರ್ಚು ಜಾಸ್ತಿ, ಆದರೆ ಪಕ್ಕದವರ ಹಂಗಿಲ್ಲ. ಶೇರ್ಡ್ ಲೈಬ್ರರಿ ಅಂದರೆ ನಾಲೆ. ಶ್ರೀರಂಗಪಟ್ಟಣದ ಚಿಕ್ಕದೇವರಾಯ ಸಾಗರ ನಾಲೆಯೋ, ಕೆ.ಆರ್. ಪೇಟೆ ಕಡೆ ಹೇಮಗಿರಿ ಅಣೆಕಟ್ಟೆಯ ನಾಲೆಯೋ, ಪಾಂಡವಪುರದ ಗದ್ದೆಗಳಿಗೆ ಬರುವ ವಿಶ್ವೇಶ್ವರಯ್ಯ ನಾಲೆಯೋ, ಒಂದೇ ನೀರು ನೂರಾರು ಗದ್ದೆಗೆ. 1960ರ ದಶಕದಲ್ಲಿ ಮಲ್ಟಿಕ್ಸ್ ಅನ್ನೋ ವ್ಯವಸ್ಥೆ ಪ್ರೋಗ್ರಾಂ ಓಡುತ್ತಿರುವಾಗಲೇ ಹೀಗೆ ಜೋಡಿಸೋದನ್ನು ಮಾಡಿ ತೋರಿಸಿತು. ಮೆಮೊರಿ ಉಳಿಯುತ್ತೆ, ಲೈಬ್ರರಿಯಲ್ಲಿ ಒಂದು ತಪ್ಪು ತಿದ್ದಿದರೆ ಎಲ್ಲರಿಗೂ ತಿದ್ದಿದಂತೆ. ಆದರೆ ತೂಬು ಕಟ್ಟಿಕೊಂಡರೆ ಎಲ್ಲರ ಗದ್ದೆಯೂ ಒಣಗುತ್ತೆ, ಅದೇ ಮೇಲೆ ಹೇಳಿದ ಸಾಲು.

ಆ ಸಾಲು ಬಂದಾಗ ಮಾಡಬೇಕಾದ ಮೊದಲ ಕೆಲಸ ಅದನ್ನು ಎಡದಿಂದ ಓದೋದು. ಲಿನಕ್ಸ್‌ನಲ್ಲಿ ಸಿಗದೇ ಹೋದ ಫೈಲಿನ ಹೆಸರು ಸಾಲಿನ ಮೊದಲಲ್ಲೇ ಇರುತ್ತೆ. ಬಹಳ ಸಲ ಅದು ನೀವು ಕರೆದದ್ದಲ್ಲ, ನೀವು ಕರೆದದ್ದು ನೆಚ್ಚಿಕೊಂಡಿರೋ ಇನ್ನೊಂದು. ವಿಂಡೋಸ್ ಇಷ್ಟೂ ಹೇಳಲ್ಲ. ನಿಮ್ಮ ಡಿಎಲ್‌ಎಲ್ ಸರಿಯಾಗಿದ್ದು, ಅದಕ್ಕೆ ಬೇಕಾದ ಬೇರೊಂದು ಇಲ್ಲದಿದ್ದರೂ ನಿಮ್ಮದೇ ಸಿಗಲಿಲ್ಲ ಅನ್ನುತ್ತೆ. ಲಿನಕ್ಸ್‌ನಲ್ಲಿ ಎಲ್‌ಡಿಡಿ ಕಮಾಂಡ್ ಕೊಟ್ಟರೆ ಯಾವ ಯಾವ ಲೈಬ್ರರಿ ಎಲ್ಲಿ ಸಿಕ್ಕಿತು, ಯಾವುದು ಸಿಗಲಿಲ್ಲ ಅಂತ ಪಟ್ಟಿ ಬರುತ್ತೆ. ಎಲ್ಲಿಂದಲೋ ಇಳಿಸಿಕೊಂಡ, ನಂಬಿಕೆಯಿಲ್ಲದ ಫೈಲಿನ ಮೇಲೆ ಅದನ್ನು ಓಡಿಸಬೇಡಿ, ಅದಕ್ಕೆ ರೀಡ್‌ಎಲ್ಫ್ ಸಾಕು. ಲೋಡರ್ ಎಲ್ಲೆಲ್ಲಿ ತಡಕಾಡಿತು ಅಂತ ನೋಡಬೇಕಾದರೆ ಎಲ್‌ಡಿ_ಡೀಬಗ್ ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ಲಿಬ್ಸ್ ಅಂತ ಕೊಟ್ಟು ಪ್ರೋಗ್ರಾಂ ಓಡಿಸಿ. ಒಂದು ಹೆಜ್ಜೆಯನ್ನೂ ಬಿಡದೆ ಹೇಳುತ್ತೆ.

ಫೈಲು ಕಣ್ಣೆದುರೇ ಇದ್ದರೂ ಯಾಕೆ ಕಾಣಲ್ಲ? ಲೋಡರ್ ನೀವು ನಿಂತಿರೋ ಫೋಲ್ಡರಿನಲ್ಲಿ ಹುಡುಕೋದೇ ಇಲ್ಲ. ಅದಕ್ಕೆ ಗೊತ್ತಿರೋ ದಾರಿಗಳು ಕೆಲವೇ. ಪ್ರೋಗ್ರಾಂ ಒಳಗೇ ಬರೆದಿಟ್ಟ ದಾರಿ, ಎಲ್‌ಡಿ_ಲೈಬ್ರರಿ_ಪಾತ್, ಎಲ್‌ಡಿಕಾನ್ಫಿಗ್ ತಯಾರಿಸಿದ ಪಟ್ಟಿ, ಕೊನೆಗೆ ಸಿಸ್ಟಮ್ಮಿನ ಮಾಮೂಲಿ ಜಾಗಗಳು. ಪೈಥಾನ್ ಒಳಗಿಂದ ಎಲ್‌ಡಿ_ಲೈಬ್ರರಿ_ಪಾತ್ ಬದಲಿಸಿ ಇನ್ನೂ ಆಗಲಿಲ್ಲ ಅಂತ ತಲೆ ಚಚ್ಚಿಕೊಳ್ಳುವವರು ಬಹಳ. ಲೋಡರ್ ಅದನ್ನು ಓದೋದು ಪ್ರೋಗ್ರಾಂ ಶುರುವಾಗುವಾಗ ಒಂದೇ ಸಲ. ಆಮೇಲೆ ಬದಲಿಸಿದರೆ ಬಸ್ಸು ಹೋದ ಮೇಲೆ ಬೋರ್ಡು ಬರೆದ ಹಾಗೆ. ಕರೆಯುವಾಗ ಪೂರ್ತಿ ದಾರಿ ಕೊಡೋದು ಎಲ್ಲಕ್ಕಿಂತ ಸಲೀಸು.

ಫೈಲು ಸಿಕ್ಕರೂ ಅದು ನಿಮ್ಮ ಪ್ರೊಸೆಸರಿನದ್ದೇ ಆಗಿರಬೇಕು. ಆಲೆಮನೆ ಕೊಪ್ಪರಿಗೆಯ ಬಿಸಿ ಅಳೆಯುವ ಪ್ರಾಜೆಕ್ಟು ಮಾಡುವವರು ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡಿದ ಲೈಬ್ರರಿಯನ್ನು ಪೆನ್‌ಡ್ರೈವಿನಲ್ಲಿ ತಂದು ರಾಸ್ಪ್‌ಬೆರಿ ಪೈಗೆ ಹಾಕಿದರೆ ನಡೆಯಲ್ಲ. ಒಂದು ಇಂಟೆಲ್ ಜಾತಿಯ ಸೂಚನೆ, ಇನ್ನೊಂದು ಆರ್ಮ್. ಫೈಲ್ ಅನ್ನೋ ಕಮಾಂಡ್ ಕೊಟ್ಟರೆ ಯಾವ ಪ್ರೊಸೆಸರಿಗೆ ಕಟ್ಟಿದ್ದು ಅಂತ ಒಂದೇ ಸಾಲಿನಲ್ಲಿ ಗೊತ್ತಾಗುತ್ತೆ.

ಇನ್ನು ಹೆಸರಿನ ಗೊಂದಲ. ಅದಕ್ಕೆ ನಮ್ಮ ತಾಲ್ಲೂಕುಗಳಿಗಿಂತ ಒಳ್ಳೆ ಉದಾಹರಣೆ ಬೇಕೆ? ಪಾಂಡವಪುರಕ್ಕೆ ಹಿರೋಡೆ ಅಂತಲೂ ಹೆಸರಿತ್ತು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರ ದಾಖಲೆಗಳಲ್ಲಿ ಅದು ಫ್ರೆಂಚ್ ರಾಕ್ಸ್. ಕೆ.ಆರ್. ಪೇಟೆ ಹಿಂದೆ ಅತ್ತಿಕುಪ್ಪೆ. ಶ್ರೀರಂಗಪಟ್ಟಣ ಇಂಗ್ಲಿಷರ ಬಾಯಲ್ಲಿ ಸೆರಿಂಗಪಟಮ್. ಊರು ಅಲ್ಲೇ ಇದೆ, ಹೆಸರು ಹೊಂದದಿದ್ದರೆ ಹಳೇ ಕಡತದಲ್ಲಿ ಸಿಗಲ್ಲ. ಲೈಬ್ರರಿ ಫೈಲಿಗೂ ಹೀಗೆ ಎರಡು ಮೂರು ಹೆಸರು, ಕೊನೆಯಲ್ಲಿ ಆವೃತ್ತಿ ಸಂಖ್ಯೆ, ಒಂದರಿಂದ ಇನ್ನೊಂದಕ್ಕೆ ಸಿಂಬಾಲಿಕ್ ಲಿಂಕು. ಮಧ್ಯದ ಒಂದು ಲಿಂಕು ಹೋದರೆ ಅತ್ತಿಕುಪ್ಪೆ ಕಾಗದ ಪೇಟೆಗೆ ತಲುಪಲ್ಲ. ಲೈಬ್ರರಿಯ ಒಳಗಿನ ಫಂಕ್ಷನ್‌ಗಳ ಪಾಡೂ ಇದೇ. ಸಿ++ ಕಂಪೈಲರ್ ನೀವಿಟ್ಟ ಹೆಸರನ್ನು, ಇಂಗ್ಲಿಷರು ನಮ್ಮ ಊರಿನ ಹೆಸರು ತಿರುಚಿದ ಹಾಗೆ, ಉದ್ದಕ್ಕೆ ತಿರುಚಿ ಬರೆದಿಡುತ್ತೆ. ಹೊರಗಿನವರು ಮೂಲ ಹೆಸರಿಂದ ಕೇಳಿದರೆ ಅನ್‌ಡಿಫೈನ್ಡ್ ಸಿಂಬಲ್. ಎನ್‌ಎಂ ಕಮಾಂಡಿಗೆ ಮೈನಸ್ ಡಿ (ದೊಡ್ಡಕ್ಷರ) ಕೊಟ್ಟು ಒಳಗೆ ಅಸಲು ಹೆಸರೇನಿದೆ ನೋಡಿ, ಕೋಡಿನಲ್ಲಿ ಎಕ್ಸ್‌ಟರ್ನ್ ಸಿ ಅಂತ ಹಾಕಿ ಮತ್ತೆ ಕಟ್ಟಿ.

ಗ್ರೇಸ್ ಅವರ ಮುಂದಿನ ಜಗಳ ಹೆಸರು, ಭಾಷೆಗಳದ್ದೇ. ಎಲ್ಲರೂ ಗಣಿತದ ಚಿಹ್ನೆಯಲ್ಲಿ ಯೋಚಿಸಲ್ಲ, ಅಂಗಡಿ, ಕಾರ್ಖಾನೆ, ಕಚೇರಿಯ ಲೆಕ್ಕ ಬರೆಯುವವರಿಗೆ ಮಾಮೂಲಿ ಪದಗಳಲ್ಲೇ ಪ್ರೋಗ್ರಾಂ ಬರೆಯೋಕೆ ಬಿಡಬೇಕು ಅಂದರು. ಪ್ರಬಂಧ ಬರೆಸುತ್ತಿದ್ದ ಟೀಚರ್ ಅಲ್ಲವೇ! ಕಂಪ್ಯೂಟರಿಗೆ ಇಂಗ್ಲಿಷ್ ಅರ್ಥವಾಗಲ್ಲ ಅಂತ ಮೇಲಿನವರು ತಳ್ಳಿಹಾಕಿದರು. ಆದರೂ 1950ರ ದಶಕದ ನಡುವಿನಲ್ಲಿ ಅವರ ತಂಡ ಕಟ್ಟಿದ ಬಿ-0, ಆಮೇಲೆ ಫ್ಲೋ-ಮ್ಯಾಟಿಕ್ ಅನ್ನಿಸಿಕೊಂಡಿತು. ಅದರ ಒಂದು ಚಿಕ್ಕ ಪ್ರೋಗ್ರಾಮನ್ನು ಆಡಳಿತದವರಿಗೆ ತೋರಿಸುವಾಗ ಗ್ರೇಸ್ ಒಂದು ಹೆಜ್ಜೆ ಮುಂದೆ ಹೋದರು. ಅದೇ ಪ್ರೋಗ್ರಾಮನ್ನು ಫ್ರೆಂಚ್ ಪದಗಳಲ್ಲೂ ಜರ್ಮನ್ ಪದಗಳಲ್ಲೂ ಬರೆದು ಓಡಿಸಿ ತೋರಿಸಿದರು. ಯಂತ್ರಕ್ಕೆ ಇನ್‌ಪುಟ್ ಅನ್ನೋದೂ ಅದರ ಫ್ರೆಂಚ್ ಪದವೂ ಬರೀ ಗುರುತುಗಳು, ಎರಡನ್ನೂ ಒಂದೇ ಕೆಲಸಕ್ಕೆ ಕಟ್ಟಬಹುದು ಅನ್ನೋದು ಅವರಿಗೆ ಹಗಲಿನಷ್ಟು ಸ್ಪಷ್ಟ. ಆಡಳಿತದವರಿಗೆ ಗಾಬರಿ. ಅಮೆರಿಕದಲ್ಲಿ ತಯಾರಾದ ಯಂತ್ರಕ್ಕೆ ಫ್ರೆಂಚ್, ಜರ್ಮನ್ ಹೇಗೆ ಬರೋಕೆ ಸಾಧ್ಯ, ಇದು ಅನುಮಾನದ ವಿಷಯ ಅನ್ನಿಸಿತು. ಇಂಗ್ಲಿಷ್ ಒಂದರಲ್ಲೇ ಮಾಡುತ್ತೇವೆ ಅಂತ ಮಾತು ಕೊಟ್ಟು, ತಿಂಗಳುಗಟ್ಟಲೆ ಸಮಾಧಾನ ಮಾಡಬೇಕಾಯಿತು.

ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸು ಮುಗಿಸಿ ಎಂಜಿನಿಯರಿಂಗ್ ಸೇರಿದವರು ಈ ಘಟನೆಯನ್ನು ಎರಡು ಸಲ ಓದಬೇಕು. ಯಂತ್ರ ಅಡ್ಡಿ ಹೇಳಿರಲಿಲ್ಲ, ಹೇಳಿದ್ದು ಮೇಜಿನ ಆಚೆ ಕೂತವರು. ಇವತ್ತೂ ಅಷ್ಟೇ. ಶೇರ್ಡ್ ಲೈಬ್ರರಿಯ ಸಿಂಬಲ್ ಪಟ್ಟಿಯಲ್ಲಿ ಹೆಸರು ಅನ್ನೋದು ಬೈಟುಗಳ ಸಾಲು. ಜಿಸಿಸಿ 10ನೇ ಆವೃತ್ತಿಯಿಂದ ಕನ್ನಡ ಅಕ್ಷರದಲ್ಲೇ ಫಂಕ್ಷನ್ ಹೆಸರು ಬರೆಯಬಹುದು, ಪೈಥಾನ್ 3 ಅದನ್ನು ಮೊದಲಿಂದಲೂ ಒಪ್ಪುತ್ತೆ. ಮಾಡಿ ನೋಡಿ, ಮಜಾ ಇದೆ. ಒಂದು ಎಚ್ಚರಿಕೆ. ಕೊಡು ಅಂತ ಬರೆದಾಗ ಅದರ ಒ ಸ್ವರಚಿಹ್ನೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಎರಡು ತುಂಡಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ. ಪೈಥಾನ್ ಅದನ್ನು ಸದ್ದಿಲ್ಲದೆ ಒಂದಾಗಿಸಿಕೊಳ್ಳುತ್ತೆ, ಸಿ ಕಂಪೈಲರ್ ಇದ್ದ ಹಾಗೇ ಇಡುತ್ತೆ. ಆಗ ಲೋಡರ್ ಅನ್‌ಡಿಫೈನ್ಡ್ ಸಿಂಬಲ್ ಅಂದರೆ ಅದರ ತಪ್ಪಿಲ್ಲ.

1959ರಲ್ಲಿ ಸರ್ಕಾರ, ಕಂಪನಿಗಳು ಸೇರಿ ಎಲ್ಲ ಯಂತ್ರಗಳಿಗೂ ಹೊಂದುವ ಒಂದು ವ್ಯವಹಾರ ಭಾಷೆ ಬೇಕು ಅಂತ ಕೂತರು. ಅದರಿಂದ ಬಂದದ್ದು ಕೋಬಾಲ್. ಬರೆದವರು ಸಮಿತಿಯವರು. ಜೀನ್ ಸ್ಯಾಮೆಟ್, ಬೆಟ್ಟಿ ಹೋಲ್ಬರ್ಟನ್ ಮುಂತಾದವರ ದುಡಿಮೆ ಅದರಲ್ಲಿದೆ. ಗ್ರೇಸ್ ಸಲಹೆಗಾರರು, ಬುನಾದಿಯಲ್ಲಿ ಫ್ಲೋ-ಮ್ಯಾಟಿಕ್ ಬಹಳಷ್ಟಿತ್ತು. 1960ರ ಡಿಸೆಂಬರಿನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಂ ಆರ್‌ಸಿಎ ಕಂಪನಿಯ ಯಂತ್ರದ ಮೇಲೂ ಯೂನಿವ್ಯಾಕ್ ಮೇಲೂ ಓಡಿತು. ಎರಡು ಕಂಪನಿಗಳ ಯಂತ್ರಗಳು ಒಂದೇ ಬರಹ ಓದಿದವು.

1966ರ ಕೊನೆಗೆ, 60 ತುಂಬಿತು ಅಂತ ನೌಕಾಪಡೆಯ ಮೀಸಲು ದಳ ಅವರನ್ನು ನಿವೃತ್ತಿ ಮಾಡಿಸಿತು. 1967ರ ಆಗಸ್ಟಿನಲ್ಲಿ ಆರು ತಿಂಗಳ ಮಟ್ಟಿಗೆ ಬನ್ನಿ ಅಂತ ವಾಪಸು ಕರೆಸಿತು. ಆ ಆರು ತಿಂಗಳು 19 ವರ್ಷ ನಡೆಯಿತು! ಕೆಲಸ ಏನಪ್ಪಾ ಅಂದರೆ, ಪ್ರತಿ ಕಂಪನಿಯೂ ತನ್ನದೇ ಕೋಬಾಲ್ ಮಾಡಿಕೊಂಡು ಕೂತಿತ್ತು. ಹೆಸರು ಒಂದೇ, ನಡತೆ ಬೇರೆ. ಗ್ರೇಸ್ ತಂಡ ಪರೀಕ್ಷಾ ಪ್ರೋಗ್ರಾಂಗಳ ಒಂದು ಕಟ್ಟು ತಯಾರಿಸಿತು. ಕಂಪೈಲರ್ ಅದರಲ್ಲಿ ಪಾಸಾದರೆ ಸರಿ, ಇಲ್ಲದಿದ್ದರೆ ತಿದ್ದಿಕೊಂಡು ಬನ್ನಿ. ಹೊಸ ಭಾಷೆ ಕಟ್ಟಿದ್ದಕ್ಕಿಂತ ಈ ಬೇಸರದ ಕೆಲಸವೇ ದೊಡ್ಡದು ಅಂತ ನನಗನ್ನಿಸುತ್ತೆ, ಹೊಗಳಿದವರು ಮಾತ್ರ ಕಡಿಮೆ.

ಅನ್ಯ ಭಾಷೆಯ ಕೋಡನ್ನು ಕರೆಯುವಾಗ ಅತಿ ಕೆಟ್ಟ ತಪ್ಪು ಹುಟ್ಟೋದು ಇಂಥ ಕಡೆಯಲ್ಲೇ. ಫೈಲು ಸಿಕ್ಕಿತು, ಹೆಸರೂ ಸಿಕ್ಕಿತು, ಎರರ್ ಏನೂ ಇಲ್ಲ, ಉತ್ತರ ಮಾತ್ರ ಕಸ. ಪೈಥಾನ್‌ನ ಸಿಟೈಪ್ಸ್, ನೀವು ಏನೂ ಹೇಳದಿದ್ದರೆ, ಸಿ ಫಂಕ್ಷನ್ ಪೂರ್ಣಾಂಕ ವಾಪಸು ಕೊಡುತ್ತೆ ಅಂದುಕೊಳ್ಳುತ್ತೆ. ಅದು ನಿಜವಾಗಿ ದಶಮಾಂಶ ಸಂಖ್ಯೆ ಕೊಟ್ಟಿದ್ದರೆ ಎಂಥದೋ ಅಂಕೆ ಬರುತ್ತೆ. 64 ಬಿಟ್‌ನ ಪಾಯಿಂಟರ್ ಕೊಟ್ಟಿದ್ದರೆ ಅರ್ಧ ಕತ್ತರಿಸಿಹೋಗಿ ಸೆಗ್ಮೆಂಟೇಶನ್ ಫಾಲ್ಟ್. ರೆಸ್‌ಟೈಪ್, ಆರ್ಗ್‌ಟೈಪ್ಸ್ ಎರಡನ್ನೂ ಪ್ರತಿ ಫಂಕ್ಷನ್‌ಗೂ ಬರೆಯಿರಿ. ಲೈಬ್ರರಿ ಸಿಗದೇ ಹೋದರೆ ಪ್ರೋಗ್ರಾಂ ನಿಲ್ಲುತ್ತೆ, ಅದು ಪರವಾಗಿಲ್ಲ. ಒಪ್ಪಂದ ತಪ್ಪಿದರೆ ಪ್ರೋಗ್ರಾಂ ಓಡುತ್ತಲೇ ಸುಳ್ಳು ಹೇಳುತ್ತೆ.

ಕೊನೆಯ ದಶಕಗಳಲ್ಲಿ ಗ್ರೇಸ್ ಊರೂರು ತಿರುಗಿ ಭಾಷಣ ಮಾಡಿದರು. ಕೈಯಲ್ಲಿ ಸುಮಾರು 30 ಸೆಂಟಿಮೀಟರಿನ ತಂತಿ ತುಂಡುಗಳ ಕಟ್ಟು. ಒಂದು ನ್ಯಾನೋಸೆಕೆಂಡಿನಲ್ಲಿ ವಿದ್ಯುತ್ ಸಂಕೇತ ಹೆಚ್ಚೆಂದರೆ ಇಷ್ಟು ದೂರ ಹೋಗಬಹುದು ಅಂತ ಕೇಳುಗರಿಗೆ ಒಂದೊಂದು ಹಂಚುತ್ತಿದ್ದರು. ಮೈಕ್ರೋಸೆಕೆಂಡ್ ತೋರಿಸೋಕೆ ಸುಮಾರು 300 ಮೀಟರಿನ ಸುರುಳಿಯನ್ನೇ ಎತ್ತಿ ಹಿಡಿಯುತ್ತಿದ್ದರು. ಅವರ ಕಚೇರಿಯ ಗೋಡೆ ಗಡಿಯಾರ ಹಿಮ್ಮುಖವಾಗಿ ತಿರುಗುತ್ತಿತ್ತು. ಹಾಗಿದ್ದರೂ ಸಮಯ ಸರಿಯಾಗೇ ಓದಬಹುದಲ್ಲ ಅಂತ ಬಂದವರಿಗೆ ತೋರಿಸೋದಕ್ಕೆ. ಏಳು ಗಡಿಯಾರ ಬಿಚ್ಚಿದ ಕೈ, ಸುಮ್ಮನಿರುತ್ತದೆಯೇ. 1969ರಲ್ಲಿ ಒಂದು ದತ್ತಾಂಶ ಸಂಸ್ಕರಣಾ ಸಂಘ ಅವರಿಗೆ ಕೊಟ್ಟ ಪ್ರಶಸ್ತಿಯ ಹೆಸರು ವರ್ಷದ ಪುರುಷ! ಹೆಸರು ಬದಲಿಸುವಷ್ಟು ವ್ಯವಧಾನ ಅವರಿಗಿರಲಿಲ್ಲ ಅಂತ ಕಾಣುತ್ತೆ.

1986ರ ಆಗಸ್ಟಿನಲ್ಲಿ, 79ರ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ಬಾಸ್ಟನ್ನಿನ ಹಳೇ ಯುದ್ಧನೌಕೆ ಕಾನ್ಸ್ಟಿಟ್ಯೂಷನ್ ಮೇಲೆ ನಿವೃತ್ತರಾದರು. ಆಗ ಸೇವೆಯಲ್ಲಿದ್ದ ಅಧಿಕಾರಿಗಳಲ್ಲೆಲ್ಲ ಹಿರಿಯರು ಅವರೇ. ಮನೆಯಲ್ಲಿ ಕೂರಲಿಲ್ಲ, ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಗೆ ಸಲಹೆಗಾರರಾಗಿ ಹೋದರು. 1992ರ ಜನವರಿ 1ರಂದು ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ ತೀರಿಕೊಂಡರು. ಸಮಾಧಿ ಅಲ್ಲಿನ ರಾಷ್ಟ್ರೀಯ ಸ್ಮಶಾನದಲ್ಲಿದೆ. 1997ರಲ್ಲಿ ಒಂದು ಯುದ್ಧನೌಕೆ ಅವರ ಹೆಸರಿನಲ್ಲಿ ಸೇವೆಗೆ ಸೇರಿತು. 2016ರಲ್ಲಿ ಅಮೆರಿಕದ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ಮರಣೋತ್ತರವಾಗಿ ಸಂದಿತು. 2022ರಲ್ಲಿ ಎನ್‌ವಿಡಿಯಾ ತನ್ನ ಜಿಪಿಯು ವಿನ್ಯಾಸವೊಂದಕ್ಕೆ ಹಾಪರ್ ಅಂತ ಹೆಸರಿಟ್ಟಿತು. ಎಐ ಸುದ್ದಿಯಲ್ಲಿ ಕೇಳುವ ಎಚ್100 ಚಿಪ್ಪಿನ ಎಚ್ ಅವರದ್ದೇ. ಆ ಸರ್ವರಿನಲ್ಲೂ ಪೈಥಾನ್ ಪ್ರೋಗ್ರಾಂ ಜಿಪಿಯು ಮುಟ್ಟಬೇಕಾದರೆ ಲೋಡರ್ ಮೊದಲು ಲಿಬ್‌ಕುಡಾ ಅನ್ನೋ ಶೇರ್ಡ್ ಲೈಬ್ರರಿ ಹುಡುಕುತ್ತೆ. ಡ್ರೈವರ್ ಹಾಕೋದು ಮರೆತಿದ್ದರೆ ಸಿಗಲ್ಲ.